ಬೆಂಗ್ರೆ ಮಮ್ಮದರ ಬಲೆಗೆ ಬೀಳುವುದು ಬಂಡೆ

ಭಾನುವಾರ ಬೆಳಗಿನ ಐದೂಮುಕ್ಕಾಲು. ಒಮಾನಿನ ರುಸ್ತಾಕ್ ಪೇಟೆಯಿಂದ ಗುಡ್ಡದ ದಾರಿಯಲ್ಲಿ ಒಂದು ಗಂಟೆ ಮೇಲೇರಿದರೆ ಸಿಗುವ ಹೈಲ್ ಸಿದ್ರ ಎಂಬ ಹಳ್ಳಿ ಇನ್ನೂ ಪೂರ್ತಿ ಎಚ್ಚರಗೊಂಡಿಲ್ಲ. ಮಸೀದಿಯಿಂದ ಮರಳಿದ ನಾಲ್ಕಾರು ಗಂಡಸರು, ಒಂದು ಕೆಮ್ಮುವ ಪಂಪ್‌ಸೆಟ್, ಅಷ್ಟೇ ಸದ್ದು. ಹಳ್ಳಿಯ ನೆತ್ತಿಯ ಮೇಲಿನ ಬೋಳು ಇಳಿಜಾರಿನಲ್ಲಿ ಮಾತ್ರ ಒಬ್ಬರ ಕೆಲಸ ಆಗಲೇ ಶುರುವಾಗಿದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಹೆಲ್ಮೆಟ್‌ನೊಳಗೆ ಬಿಳಿ ಟೊಪ್ಪಿ ಹಾಕಿಕೊಂಡು, ಐವತ್ತೈದರ ಮಮ್ಮದ್ ಉಕ್ಕಿನ ಹಗ್ಗವೊಂದಕ್ಕೆ ಸ್ಪ್ಯಾನರಿನಿಂದ ಟಣ್ಣನೆ ಬಡಿದು ಕಿವಿಯೊಡ್ಡಿ ಆಲಿಸುತ್ತಿದ್ದಾರೆ.

"ಬಿಗಿ ಜಾಸ್ತಿ ಆದ್ರೆ ಇದು ಕೀಂಯ್ ಅಂತದೆ. ಸಡಿಲ ಜಾಸ್ತಿ ಆದ್ರೆ ಮಾತೇ ಇಲ್ಲ" ಎನ್ನುತ್ತಾ ಇನ್ನೊಮ್ಮೆ ಬಡಿಯುತ್ತಾರೆ. "ಈಗ ಕೇಳಿ. ಗುಂಯ್ ಅಂತದಲ್ವಾ? ಇವನು ಆರೋಗ್ಯವಾಗಿದ್ದಾನೆ. ಮುಂದಿನವನನ್ನು ನೋಡುವ."

ಹಗ್ಗಗಳೆಲ್ಲ ಅವರ ಬಾಯಲ್ಲಿ 'ಇವನು', 'ಅವನು'. ಈ ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ಮೂರು ಸಾಲು ಬಲೆಗಳಿವೆ. ಎರಡಾಳೆತ್ತರದ ಉಕ್ಕಿನ ಕಂಬಗಳು, ಕಂಬದಿಂದ ಕಂಬಕ್ಕೆ ಹೆಬ್ಬೆರಳು ದಪ್ಪದ ಹಗ್ಗ, ಹಗ್ಗಕ್ಕೆ ಜೋತುಬಿದ್ದ ಉಕ್ಕಿನ ಬಲೆ. ಮಳೆ ಬಂದಾಗ, ಕೆಲವೊಮ್ಮೆ ಬರಿಯ ಬಿಸಿಲಿಗೂ, ಮೇಲಿನ ಗುಡ್ಡ ಕಲ್ಲು ಉದುರಿಸುತ್ತದೆ. ಆ ಕಲ್ಲು ಮನೆಗಳ ಮೇಲೆ ಹೋಗದಂತೆ ಹಿಡಿಯುವುದು ಬಲೆಯ ಕೆಲಸ. ಬಲೆಯನ್ನು ನೋಡಿಕೊಳ್ಳುವುದು ಮಮ್ಮದರ ಕೆಲಸ. ಇಂಥ ನಾಲ್ಕು ಹಳ್ಳಿ, ಇಪ್ಪತ್ತಮೂರು ಸಾಲು, ಮುನ್ನೂರ ಹನ್ನೊಂದು ಕಂಬ ಅವರ ಸುಪರ್ದಿಯಲ್ಲಿವೆ. ದಿನಕ್ಕೆ ಅರವತ್ತು ಹಗ್ಗಕ್ಕೆ ಬಡಿಯುತ್ತಾರೆ, ಆರು ಲೀಟರ್ ನೀರು ಕುಡಿಯುತ್ತಾರೆ. ಎಷ್ಟು ಹತ್ತಿ ಎಷ್ಟು ಇಳಿಯುತ್ತಾರೆಂದು ಕೇಳಿದರೆ, "ಅದನ್ನು ಮೊಣಕಾಲಿಗೆ ಕೇಳ್ಬೇಕು" ಎಂದು ನಗುತ್ತಾರೆ.

ಆದರೆ ಇವತ್ತಿನ ಭಾನುವಾರ ಬರೀ ನಗುವಿನದ್ದಲ್ಲ. ಅರಬ್ಬಿ ಸಮುದ್ರದಲ್ಲಿ ಮೋಡ ಕಟ್ಟುತ್ತಿದೆ, ಗುರುವಾರ ಗುಡ್ಡಸೀಮೆಯಲ್ಲಿ ಜೋರು ಮಳೆ ಎಂದು ಹವಾಮಾನದವರು ಹೇಳಿದ್ದಾರೆ. ಹೈಲ್ ಸಿದ್ರದ ಮೂರನೇ ಸಾಲಿನ ಕೆಳಗೆ ಒಂಬತ್ತು ಮನೆಗಳಿವೆ. ಆ ಮನೆಗಳಿಗೂ ಬಲೆಗೂ ನಡುವೆ, ಬಲೆಯನ್ನೇ ಹಿಂಗೋಡೆ ಮಾಡಿಕೊಂಡು, ಉಮ್ಮ್ ಖಲ್ಫಾನ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಆಡಿನ ದೊಡ್ಡಿ ಇದೆ. ಹದಿನೇಳು ಆಡುಗಳು. ಆ ದೊಡ್ಡಿ ಅಲ್ಲಿಂದ ಏಳಬೇಕು. ಏಳಬೇಕೆಂದು ಮಮ್ಮದ್ ಹದಿನಾಲ್ಕು ತಿಂಗಳಿಂದ ಹೇಳುತ್ತಿದ್ದಾರೆ. ದೊಡ್ಡಿಯೂ ಅಲ್ಲೇ ಇದೆ, ಉಮ್ಮ್ ಖಲ್ಫಾನ್ ಕೂಡ ಅಲ್ಲೇ ಇದ್ದಾರೆ.

ಮಂಗಳೂರಿನ ನದಿಗೂ ಕಡಲಿಗೂ ನಡುವಿನ ಮರಳಪಟ್ಟಿಯಾದ ಬೆಂಗ್ರೆ ಮಮ್ಮದರ ಊರು. ದೋಣಿ ದಾಟಿದರೆ ಬಂದರು, ಬಂದರಿನ ದಕ್ಕೆಯಲ್ಲಿ ಅವರ ಅಪ್ಪ ಮೀನುಬಲೆ ರಿಪೇರಿ ಮಾಡುತ್ತಿದ್ದರು. ಮಮ್ಮದ್‌ಗೆ ಒಂಬತ್ತು ವರ್ಷಕ್ಕೇ ಬಲೆಯ ಕಣ್ಣು ಹಾಕಲು ಬರುತ್ತಿತ್ತು. ಬೋಟಿಗೂ ಹೋದರು, ಆದರೆ ಕಡಲು ಹೊಟ್ಟೆಗೆ ಹಿಡಿಸಲಿಲ್ಲ. "ಬೋಟಲ್ಲಿ ನಾನು ಹಿಡಿದ ಮೀನಿಗಿಂತ ಕಕ್ಕಿದ್ದೇ ಜಾಸ್ತಿ" ಎಂದು ಅವರೇ ಹೇಳಿಕೊಳ್ಳುತ್ತಾರೆ. ಹದಿನೇಳು ವರ್ಷದ ಹಿಂದೆ ರಸ್ತೆ ಮಾಡುವ ಕಂಪನಿಯೊಂದಕ್ಕೆ ಹೆಲ್ಪರ್ ಆಗಿ ಒಮಾನಿಗೆ ಬಂದರು.

ಒಂದು ದಿನ ಕ್ಯಾಂಪಿನಲ್ಲಿ ಫೋರ್‌ಮನ್ ಬಂದು, ಬಲೆ ಕೆಲಸ ಗೊತ್ತಿದ್ದವರು ಯಾರಿದ್ದೀರಿ ಎಂದು ಕೇಳಿದ. ನಲವತ್ತು ಜನರಲ್ಲಿ ಒಂದೇ ಒಂದು ಕೈ ಎದ್ದಿತು. ಮರುದಿನ ಬೆಳಿಗ್ಗೆ ಪಿಕಪ್ ಏರಿದ ಮಮ್ಮದ್ ಗಾಡಿ ಕಡಲ ಕಡೆಗೆ ಹೋಗುತ್ತದೆಂದು ಕಾದರು. ಗಾಡಿ ಗುಡ್ಡದ ಕಡೆಗೆ ತಿರುಗಿತು. "ಗುಡ್ಡದಲ್ಲಿ ಎಂತ ಮೀನು ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ವಾಪಸ್ ಕಳಿಸ್ತಾರಾ ಅಂತ ಹೆದರಿಕೆ" ಎನ್ನುವಾಗ ಅವರ ಹೊಟ್ಟೆ ಕುಲುಕುತ್ತದೆ.

ಬಲೆ ಬಂದ ಪೆಟ್ಟಿಗೆಯ ಮೇಲೆ ಹಿಮ ಹೊದ್ದ ಪರ್ವತದ ಚಿತ್ರವಿತ್ತು. ಚಳಿ ದೇಶದ ಕಾರ್ಖಾನೆ ಅದು. ಅಲ್ಲಿ ಗುಡ್ಡದಿಂದ ಹಿಮದ ರಾಶಿಯೇ ಜಾರಿ ಊರನ್ನು ಮುಚ್ಚುವುದುಂಟು, ಅದನ್ನು ತಡೆಯಲು ಬೇಲಿ, ಬಲೆ ಮಾಡುತ್ತಾ ಬಂದವರು ಕಲ್ಲಿಗೂ ಮಾಡತೊಡಗಿದರಂತೆ. ಪೆಟ್ಟಿಗೆಯ ಆ ಚಿತ್ರವನ್ನು ಮಮ್ಮದ್ ಹರಿದು ಇಟ್ಟುಕೊಂಡಿದ್ದಾರೆ, ರುಸ್ತಾಕ್‌ನ ಅವರ ಕೋಣೆಯ ಗೋಡೆಯಲ್ಲಿ ಇವತ್ತಿಗೂ ಇದೆ. "ಹಿಮ ಅಂದ್ರೆ ನನಗೆ ದಕ್ಕೆಯ ಐಸೇ. ಮೀನಿನ ವಾಸನೆ ಇಲ್ಲದ ಐಸು ನಾನು ನೋಡಿದ್ದೇ ಇಲ್ಲ."

ಮೊದಲ ತಿಂಗಳಲ್ಲೇ ಅವರೊಂದು ತಪ್ಪು ಮಾಡಿದರು. ಬಲೆಯ ಹಗ್ಗಗಳ ತುದಿಯಲ್ಲಿ ಅಲ್ಲಲ್ಲಿ ಉಕ್ಕಿನ ಕೊಳವೆಯನ್ನು ಬಳೆಯಂತೆ ಬಗ್ಗಿಸಿ ಜೋಡಿಸಿರುತ್ತಾರೆ. ಇಂಜಿನಿಯರರಿಗೆ ಅದು ಬ್ರೇಕ್, ಮಮ್ಮದ್‌ಗೆ ಬಳೆ. ಬಂಡೆ ಬಂದು ಬಲೆಗೆ ಅಪ್ಪಳಿಸಿದಾಗ ಈ ಬಳೆ ಕಿರಿದಾಗುತ್ತಾ ಆಗುತ್ತಾ ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ಬಲೆ ಮುಂದಕ್ಕೆ ಉಬ್ಬುತ್ತದೆ, ಬಂಡೆಯ ಸಿಟ್ಟು ಅಲ್ಲೇ ಇಳಿಯುತ್ತದೆ. ಬಳೆ ಬಿಟ್ಟುಕೊಡದಿದ್ದರೆ ಹಗ್ಗವೇ ಹರಿಯುತ್ತದೆ. ಇದ್ಯಾವುದೂ ಹೊಸ ಹೆಲ್ಪರ್‌ಗೆ ಗೊತ್ತಿಲ್ಲ. ಬೋಟಿನಲ್ಲಿ ಜೋತಾಡುವ ಹಗ್ಗ ಕಾಲಿಗೆ ಸಿಕ್ಕಿ ಆಳನ್ನೇ ಕಡಲಿಗೆ ಎಳೆಯುತ್ತದೆ, ಆದ್ದರಿಂದ ಕಂಡ ಸಡಿಲವನ್ನೆಲ್ಲ ಕಟ್ಟಿ ಅಡಗಿಸಬೇಕು ಎನ್ನುವುದು ಬೆಂಗ್ರೆಯ ಮಕ್ಕಳಿಗೆ ಕೈಯಲ್ಲೇ ಇರುವ ಪಾಠ. ಜೋಲುತ್ತಿದ್ದ ಹನ್ನೊಂದು ಬಳೆಗಳನ್ನು ಮಮ್ಮದ್ ಒಂದೇ ಮಧ್ಯಾಹ್ನದಲ್ಲಿ ಚಂದದ ಗಂಟು ಹಾಕಿ ಹಗ್ಗಕ್ಕೆ ಬಿಗಿದು, ಶಹಬ್ಬಾಸ್‌ಗಿರಿ ಸಿಕ್ಕೀತೆಂದು ಕಾದು ಕೂತರು.

ನೇಪಾಳದ ಫೋರ್‌ಮನ್ ನೋಡಿದ, ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಗಂಟು ಇಷ್ಟು ಚಂದ ಹಾಕಿದವನನ್ನು ಬೈಯುವುದು ಹೇಗೆ ಎಂದು ಹಿಂದಿಯಲ್ಲಿ ಕೇಳಿ, ತನ್ನದೇ ಚಾಕು ಕೊಟ್ಟು ಹನ್ನೊಂದನ್ನೂ ಮಮ್ಮದರ ಕೈಯಿಂದಲೇ ಕೊಯ್ಯಿಸಿದ. "ಅವತ್ತು ಕಲಿತದ್ದು" ಎನ್ನುತ್ತಾರೆ ಮಮ್ಮದ್. "ಮೀನಿನ ಬಲೆ ಬಿಡ್ಲಿಕ್ಕಿಲ್ಲ. ಕಲ್ಲಿನ ಬಲೆಗೆ ಬಿಡ್ಲಿಕ್ಕೆ ಗೊತ್ತಿರ್ಬೇಕು."

ಅಂದಿನಿಂದ ಇಂದಿನವರೆಗೆ ಅವರ ಬಲೆಗಳಿಗೆ ಬಿದ್ದ ಕಲ್ಲುಗಳಿಗೆ ಲೆಕ್ಕವಿದೆ. ಪ್ರೆಷರ್ ಕುಕ್ಕರ್‌ಗಿಂತ ದೊಡ್ಡದು ಮಾತ್ರ ಲೆಕ್ಕಕ್ಕೆ. ಪ್ರತಿಯೊಂದಕ್ಕೂ ಬಿಳಿ ಪೇಂಟಿನಲ್ಲಿ ನಂಬರ್ ಬರೆದು, ಚೈನ್ ಬ್ಲಾಕ್ ಎಂಬ ಸರಪಳಿ ರಾಟೆಯಲ್ಲಿ ಎತ್ತಿ ಪಕ್ಕಕ್ಕೆ ಸರಿಸಿ ರಾಶಿ ಹಾಕುತ್ತಾರೆ. ಕಂಪನಿ ಹಾಗೆ ಮಾಡೆಂದು ಹೇಳಿಲ್ಲ. ಕಳೆದ ವಾರದವರೆಗೆ ಸಾವಿರದ ಮುನ್ನೂರ ಎಂಬತ್ತಾರು. ಇಷ್ಟರಲ್ಲಿ ಒಂದಾದರೂ ಪೇಪರಿನಲ್ಲಿ ಬಂದಿದೆಯೇ ಎಂದು ಕೇಳಿದರೆ, ಕೆಳಗೆ ಮನೆಗೆ ಬಿದ್ದಿದ್ದರೆ ಬರುತ್ತಿತ್ತು ಎನ್ನುತ್ತಾರೆ.

ಈಗ ಉಮ್ಮ್ ಖಲ್ಫಾನ್ ವಿಷಯಕ್ಕೆ ಬರೋಣ. ಅವರದ್ದು ಹಟ ಎಂದರೆ ಅನ್ಯಾಯವಾದೀತು. ಹಿಂದೆ ಅವರ ದೊಡ್ಡಿ ಕೆಳಗೆ ವಾದಿಯ ದಂಡೆಯಲ್ಲಿತ್ತು. ಇಲ್ಲಿ ವಾದಿ ಎಂದರೆ ವರ್ಷವಿಡೀ ಒಣಗಿಕೊಂಡಿದ್ದು ಮಳೆ ಬಂದ ದಿನ ಲಾರಿಯನ್ನೇ ಹೊತ್ತೊಯ್ಯುವ ಹೊಳೆ. ಎರಡು ವರ್ಷದ ಹಿಂದಿನ ಮಳೆಗೆ ದೊಡ್ಡಿಯೂ ಆರು ಆಡುಗಳೂ ಕೊಚ್ಚಿಹೋದವು. ಆಗ ಅವರು ಊರೆಲ್ಲ ಕಣ್ಣಾಡಿಸಿ, ಎಲ್ಲಕ್ಕಿಂತ ಗಟ್ಟಿಯಾಗಿ ಕಂಡ ಜಾಗವನ್ನು ಆರಿಸಿಕೊಂಡರು. ಬಲೆಯ ಬುಡ. ಮಗ ಖಲ್ಫಾನ್ ಸೋಹಾರ್ ಪಟ್ಟಣದಲ್ಲಿ ಕೆಲಸದಲ್ಲಿದ್ದಾನೆ, ಗೋಡೆ ಕಟ್ಟಲು ಮನೆಯಲ್ಲಿ ಗಂಡಾಳಿಲ್ಲ. ಬಲೆಯೇ ಒಂದು ಕಡೆಯ ಗೋಡೆಯಾದರೆ ಉಳಿದ ಮೂರು ಕಡೆಗೆ ತಗಡು, ಮುಳ್ಳು ಸಾಕು.

ಸಾಲದ್ದಕ್ಕೆ, ಬಲೆಯ ತುದಿಯಲ್ಲಿ ಜೋಲುವ ಬಳೆಗಳಿಗೆ ಆಡುಗಳ ಕೊಂಬು ಸಿಕ್ಕಿಕೊಳ್ಳುತ್ತದೆಂದು ಖರ್ಜೂರದ ನಾರಿನ ಹಗ್ಗದಲ್ಲಿ ಅವನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟಿಬಿಟ್ಟಿದ್ದಾರೆ. ಮಮ್ಮದ್ ಪ್ರತಿ ಭಾನುವಾರ ಬಂದು ಕೊಯ್ಯುತ್ತಾರೆ. ಉಮ್ಮ್ ಖಲ್ಫಾನ್ ಸೋಮವಾರ ಮತ್ತೆ ಕಟ್ಟುತ್ತಾರೆ. ಗಂಟು ನೋಡಿದಾಗಲೆಲ್ಲ ಮಮ್ಮದ್‌ಗೆ ಸಿಟ್ಟಿನ ಬದಲು ನಾಚಿಕೆಯಾಗುತ್ತದಂತೆ. "ನಾನೇ ಹಾಕಿದ ಹಾಗೆ ಉಂಟು ಮಾರಾಯ್ರೆ. ಎಂತ ಬೈಯುವುದು?"

ಭಾನುವಾರ ಹತ್ತು ಗಂಟೆಗೆ ಗ್ಲಾಡ್ವಿನ್ ಬರುತ್ತಾರೆ. ಕಿನ್ನಿಗೋಳಿಯ ಈ ಯುವ ಇಂಜಿನಿಯರ್ ಕೂರುವುದು ಮಸ್ಕತ್ತಿನ ಖುರುಮ್‌ನ ಆಫೀಸಿನಲ್ಲಿ, ವಾರಕ್ಕೊಮ್ಮೆ ಗುಡ್ಡಕ್ಕೆ ಭೇಟಿ. ದೊಡ್ಡಿಯ ಮುಂದೆ ನಿಂತು ಅವರು ಟ್ಯಾಬ್ ನೋಡುತ್ತಾರೆ, ಆಡುಗಳು ಅವರ ಶೂಲೇಸ್ ನೋಡುತ್ತವೆ.

"ಕಾಕ, ದೊಡ್ಡ ಕಲ್ಲು ಬಿದ್ರೆ ಈ ಬಲೆ ನಾಲ್ಕು ಮೀಟರ್ ಮುಂದೆ ಬರ್ಬೇಕು. ಆ ನಾಲ್ಕು ಮೀಟರಲ್ಲಿ ದೊಡ್ಡಿ ಉಂಟು. ಬುಧವಾರದ ಒಳಗೆ ಇದು ಹೋಗದಿದ್ರೆ ಬಲೆ ಸರಿ ಇಲ್ಲ ಅಂತ ನಾನು ರಿಪೋರ್ಟ್ ಹಾಕ್ಬೇಕಾಗ್ತದೆ. ಆಮೇಲೆ ಒಂಬತ್ತು ಮನೆಯವರನ್ನೂ ರುಸ್ತಾಕಿಗೆ ಇಳಿಸ್ತಾರೆ. ಯಾವಾಗ ವಾಪಸ್ ಬಿಡ್ತಾರೋ ದೇವರಿಗೇ ಗೊತ್ತು."

"ಬುಧವಾರದವರೆಗೆ ಟೈಮ್ ಕೊಡಿ ಸರ್. ನಾನು ಮಾತಾಡ್ತೇನೆ."

"ಹದಿನಾಲ್ಕು ತಿಂಗಳು ಮಾತಾಡಿದ್ರಲ್ಲ!"

"ಅದು ನಿಂತುಕೊಂಡು ಮಾತಾಡಿದ್ದು ಸರ್" ಎನ್ನುತ್ತಾರೆ ಮಮ್ಮದ್. "ಈ ಸಲ ಕೂತು ಮಾತಾಡ್ತೇನೆ."

ಕೂರುವುದರ ಗುಟ್ಟು ತಿಳಿಯಬೇಕಾದರೆ ಈ ಸೀಮೆಯ ಕಹ್ವಾದ ಶಿಷ್ಟಾಚಾರ ತಿಳಿದಿರಬೇಕು. ಮನೆಗೆ ಬಂದವರಿಗೆ ಖರ್ಜೂರ, ಜೊತೆಗೆ ಏಲಕ್ಕಿ ಹಾಕಿದ ಕಪ್ಪು ಕಾಫಿ ಪುಟ್ಟ ಕಪ್ಪಿನಲ್ಲಿ. ಮುಗಿದ ಕಪ್ಪನ್ನು ಸುಮ್ಮನೆ ಚಾಚಿದರೆ ಇನ್ನೊಮ್ಮೆ ಸುರಿಯುತ್ತಾರೆ. ಸಾಕೆಂದರೆ ಬಾಯಲ್ಲಿ ಹೇಳುವುದಿಲ್ಲ, ಕಪ್ಪನ್ನು ಎರಡು ಬೆರಳಲ್ಲಿ ಹಿಡಿದು ಆಚೀಚೆ ಅಲ್ಲಾಡಿಸುತ್ತಾರೆ. ಅತಿಥಿ ಕಪ್ ಅಲ್ಲಾಡಿಸುವ ತನಕ ಮನೆಯವರು ಎದ್ದುಹೋಗುವಂತಿಲ್ಲ. ಮೂರಕ್ಕಿಂತ ಹೆಚ್ಚು ಕುಡಿಯುವುದು ಅಷ್ಟೇನೂ ಮರ್ಯಾದೆಯಲ್ಲ. ಇದುವರೆಗೆ ಮಮ್ಮದ್ ಎರಡನೇ ಕಪ್ಪಿಗೇ ಅಲ್ಲಾಡಿಸುತ್ತಿದ್ದರು. ಅವರು ದೊಡ್ಡಿಯ ಮಾತು ತೆಗೆಯುವಷ್ಟರಲ್ಲಿ ಉಮ್ಮ್ ಖಲ್ಫಾನ್ ಆಡಿಗೆ ಸೊಪ್ಪು ಹಾಕಲು ಎದ್ದಾಗಿರುತ್ತಿತ್ತು.

ಸೋಮವಾರ ಮಮ್ಮದ್ ಕಪ್ ಅಲ್ಲಾಡಿಸುವುದಿಲ್ಲ.

ಮೂರನೇ ಕಪ್ಪಿನಲ್ಲಿ ಮಳೆಯ ಮಾತಾಗುತ್ತದೆ. ನಾಲ್ಕನೆಯದರಲ್ಲಿ ಉಮ್ಮ್ ಖಲ್ಫಾನ್ ಹುಬ್ಬೇರಿಸುತ್ತಾರೆ. ಆರನೆಯದರಲ್ಲಿ ದೊಡ್ಡಿಯ ಮಾತು. ಮಮ್ಮದರ ಅರಬಿ ಹದಿನೇಳು ವರ್ಷ ಗುಡ್ಡದಲ್ಲಿ ಉಜ್ಜಿ ಉಜ್ಜಿ ನುಣುಪಾದದ್ದು, ವ್ಯಾಕರಣ ಕೇಳುವಂತಿಲ್ಲ, ಆದರೆ ಅರ್ಥಕ್ಕೆ ಕೊರತೆಯಿಲ್ಲ.

"ಬಂಡೆಯನ್ನೇ ಹಿಡಿಯುವ ಬಲೆ ಎಂದು ನೀನೇ ಹೇಳಿದ್ದು" ಎನ್ನುತ್ತಾರೆ ಉಮ್ಮ್ ಖಲ್ಫಾನ್, ಕಹ್ವಾ ಪಾತ್ರೆಯನ್ನು ಎಡಗೈಗೆ ಬದಲಾಯಿಸಿಕೊಂಡು. "ಬಂಡೆ ಹಿಡಿಯುವುದಕ್ಕೆ ನನ್ನ ಆಡು ಕಾಯಲು ಆಗುವುದಿಲ್ಲವೇ?"

"ಹಿಡಿಯುವಾಗ ಅದು ಮುಂದೆ ಬರ್ತದೆ ಉಮ್ಮಾ. ಇಲ್ಲಿವರೆಗೆ" ಎಂದು ಮಮ್ಮದ್ ಚಾಪೆಯ ಅಂಚನ್ನು ತೋರಿಸುತ್ತಾರೆ.

"ಎರಡು ವರ್ಷದಿಂದ ನೋಡುತ್ತಿದ್ದೇನೆ. ಒಂದು ಗೇಣೂ ಬಂದಿಲ್ಲ."

"ದೊಡ್ಡದು ಬಿದ್ದಿಲ್ಲ."

"ದೊಡ್ಡದು ಬೀಳುವುದಿಲ್ಲ ಎಂದು ಯಾಕೆ ಇರಬಾರದು?"

ಒಂಬತ್ತನೇ ಕಪ್ಪಿಗೆ ಮಮ್ಮದ್ ತಮ್ಮ ಹನ್ನೊಂದು ಗಂಟುಗಳ ಕಥೆ ತೆಗೆಯುತ್ತಾರೆ. ದಕ್ಕೆಯ ಅಪ್ಪ, ಬೋಟಿನ ಹಗ್ಗ, ನಕ್ಕ ನೇಪಾಳಿ, ಚಾಕು ಯಾವುದನ್ನೂ ಬಿಡುವುದಿಲ್ಲ. ಉಮ್ಮ್ ಖಲ್ಫಾನ್ ಮೊದಲ ಸಲ ನಗುತ್ತಾರೆ. ಹದಿನಾಲ್ಕನೇ ಕಪ್ಪಿಗೆ ಕಹ್ವಾ ಪಾತ್ರೆ ಖಾಲಿ. ಅತಿಥಿ ಇನ್ನೂ ಕಪ್ ಚಾಚಿಕೊಂಡೇ ಕೂತಿದ್ದಾನೆ, ಸುರಿಯಲು ಏನೂ ಇಲ್ಲ. ಉಮ್ಮ್ ಖಲ್ಫಾನ್ ಸೋಲೊಪ್ಪದೆ, ಆದರೆ ಸ್ವಲ್ಪ ಬಾಗಿ, "ತೋರಿಸು. ಕಣ್ಣಿಗೆ ಕಂಡರೆ ನೋಡೋಣ" ಎನ್ನುತ್ತಾರೆ. ಮಮ್ಮದ್ ಆಗ ಕಪ್ ಅಲ್ಲಾಡಿಸುತ್ತಾರೆ. ಆ ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲವಂತೆ. ಹದಿನಾಲ್ಕು ಕಪ್ ಕಹ್ವಾ ಕುಡಿದವರಿಗೆ ಬರುವುದೂ ಕಷ್ಟ.

ಮಂಗಳವಾರ ಮಮ್ಮದರ ಜೊತೆ ಪಿಕಪ್‌ನಲ್ಲಿ ಬಂದವರು ಮೂವರು. ಉಳ್ಳಾಲದ ಡ್ರೈವರ್ ಅಶ್ರಫ್, ಮತ್ತೆ ರುಸ್ತಾಕ್ ಮಾರ್ಕೆಟ್ಟಿನ ಎರಡು ಕಲ್ಲಂಗಡಿ. ಸಣ್ಣ ಕಲ್ಲು ಹೊರಲು ಮಮ್ಮದ್ ತಾವೇ ನೈಲಾನ್ ದಾರದಲ್ಲಿ ಹೆಣೆದ ಒಂದು ಬಲೆಯಿದೆ. ಅದನ್ನು ಇಳಿಜಾರಿನ ಬುಡದಲ್ಲಿ ಎರಡು ಗೂಟಕ್ಕೆ ಕಟ್ಟುತ್ತಾರೆ. ನಾಲ್ಕು ಮೂಲೆಯಲ್ಲೂ ಉದ್ದ ಹಗ್ಗವನ್ನು ಸುರುಳಿ ಸುತ್ತಿ ಬಳೆಯ ಹಾಗೆ ಬಿಟ್ಟಿದ್ದಾರೆ. ಮೊದಲ ಪಾಳಿಯಲ್ಲಿ ಆ ಸುರುಳಿಗಳನ್ನು ಉಮ್ಮ್ ಖಲ್ಫಾನರ ಕೈಯಿಂದಲೇ, ಅವರ ನಾರಿನ ಹಗ್ಗದಲ್ಲೇ, ಅವರ ಗಂಟಿನಲ್ಲೇ ಬಿಗಿ ಕಟ್ಟಿಸುತ್ತಾರೆ. ಒಂಬತ್ತು ಮನೆಯ ಹೆಂಗಸರು ಮಾಳಿಗೆಯ ಮೇಲೆ ಸೇರಿದ್ದಾರೆ.

"ಯಲ್ಲಾ!" ಎನ್ನುತ್ತಾರೆ ಮಮ್ಮದ್. ಮೇಲಿನಿಂದ ಅಶ್ರಫ್ ಕಲ್ಲಂಗಡಿ ಉರುಳಿಸುತ್ತಾರೆ. ಅದು ಪುಟಿಯುತ್ತಾ ಬಂದು ಬಿಗಿದ ಬಲೆಗೆ ಬಡಿಯುತ್ತದೆ, ಒಂದು ಮೂಲೆ ಪಟ್ಟನೆ ಕಿತ್ತು ಬರುತ್ತದೆ, ಹಣ್ಣು ಆಚೆಗೆ ಹಾರಿ ಎಂಟು ಹೋಳಾಗುತ್ತದೆ. ಹದಿನೇಳು ಆಡುಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾರೂ ಮಾಡಿರಲಿಲ್ಲ, ಸಿಪ್ಪೆಯನ್ನೂ ಬಿಡಲಿಲ್ಲ.

ಎರಡನೇ ಪಾಳಿಗೆ ಮಮ್ಮದ್ ಸುರುಳಿಗಳನ್ನು ಬಿಡಿಸಿ ಸಡಿಲ ಬಿಡುತ್ತಾರೆ. ಬಲೆಯ ಹಿಂದೆ, ಒಂದೇ ಗೇಣಿನ ಅಂತರದಲ್ಲಿ, ಉಮ್ಮ್ ಖಲ್ಫಾನರ ಹಾಲು ಕರೆಯುವ ಅಲ್ಯೂಮಿನಿಯಂ ಬಕೆಟ್ ಇಡುತ್ತಾರೆ. ಇಟ್ಟದ್ದು ಅವರನ್ನು ಕೇಳಿಯೇ. ಕಲ್ಲಂಗಡಿ ಬರುತ್ತದೆ, ಬಲೆ ಸುರುಳಿಗಳನ್ನು ಸರ್ರನೆ ಬಿಡುತ್ತಾ ಹೊಟ್ಟೆ ಉಬ್ಬಿಸಿ ಹಣ್ಣನ್ನು ಮಗುವಿನ ಹಾಗೆ ಎತ್ತಿಕೊಳ್ಳುತ್ತದೆ. ಹಣ್ಣಿಗೆ ಗೀರೂ ಇಲ್ಲ. ಬಕೆಟ್ ಮಾತ್ರ ಏಳೆಂಟು ಮಾರು ದೂರ ಹೋಗಿ ಬಿದ್ದಿದೆ, ಪಕ್ಕ ನೆಗ್ಗಿದೆ. ಮಾಳಿಗೆಯ ಮೇಲೆ ಹೆಂಗಸರು ಹೋ ಎನ್ನುತ್ತಾರೆ.

ಉಮ್ಮ್ ಖಲ್ಫಾನ್ ನಡೆದುಹೋಗಿ ಬಕೆಟ್ ಎತ್ತಿಕೊಂಡು ನೆಗ್ಗಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬಲೆಯನ್ನು ನೋಡುತ್ತಾರೆ. ತಮ್ಮ ಆಡುಗಳನ್ನು ನೋಡುತ್ತಾರೆ.

"ವಾದಿಯ ಹತ್ತಿರ ಹೋಗುವುದಿಲ್ಲ" ಎನ್ನುತ್ತಾರೆ ಉಮ್ಮ್ ಖಲ್ಫಾನ್ ಕೊನೆಗೆ. "ಅಲ್ಲಿ ನೋಡು, ಆ ಸಿದ್ರ ಮರದ ಬುಡ, ಅಲ್ಲಿಗೆ ಕಲ್ಲೂ ಬರುವುದಿಲ್ಲ, ನೀರೂ ಬರುವುದಿಲ್ಲ. ಆದರೆ ಗೋಡೆ? ಗೋಡೆ ಯಾರು ಕಟ್ಟುತ್ತಾರೆ? ನೀನು ಕಟ್ಟು."

ಆ ಸಂಜೆ ಫೋನಿನಲ್ಲಿ ವಿಷಯ ಕೇಳಿದ ಗ್ಲಾಡ್ವಿನ್ ತಲೆ ಚಚ್ಚಿಕೊಳ್ಳುತ್ತಾರೆ.

"ಕಾಕ, ಆಡಿನ ದೊಡ್ಡಿ ಕಟ್ಟುವುದು ನಮ್ಮ ಸ್ಕೋಪಲ್ಲಿ ಇಲ್ಲ!"

"ಸ್ಕೋಪಲ್ಲಿ ಇಲ್ಲ ಸರ್, ಬಲೆಯ ಹೊಟ್ಟೆಯಲ್ಲಿ ಉಂಟು. ನಿಮ್ಮ ಡ್ರಾಯಿಂಗಲ್ಲಿ ಬಲೆಯ ಎದುರು ಜಾಗ ಖಾಲಿ ಇರ್ಬೇಕು ಅಂತ ಬರ್ದಿಲ್ವಾ? ಖಾಲಿ ಮಾಡ್ತಾ ಇದ್ದೇವೆ, ಅಷ್ಟೇ."

"ಕಲ್ಲು?"

"ಕಲ್ಲಿಗೆ ಎಂತ ಬರಗಾಲ ಸರ್? ಹದಿನೇಳು ವರ್ಷದಿಂದ ಹಿಡಿದು ಇಟ್ಟದ್ದುಂಟಲ್ಲ."

ಬುಧವಾರ ಇಳಿಜಾರಿನ ಪಕ್ಕದ ರಾಶಿಯಿಂದ ಕಲ್ಲುಗಳು ಒಂದೊಂದಾಗಿ ಸಿದ್ರ ಮರದ ಬುಡಕ್ಕೆ ಬರುತ್ತವೆ. ಮಮ್ಮದರ ತಂಡದ ನಾಲ್ವರು, ಅಶ್ರಫ್, ಹಳ್ಳಿಯ ಐದಾರು ಗಂಡಸರು. ಮಧ್ಯಾಹ್ನಕ್ಕೆ ಪರೀಕ್ಷೆಗೆಂದು ಬಂದ ಗ್ಲಾಡ್ವಿನ್ ಐದು ನಿಮಿಷ ನಿಂತು ನೋಡಿ, ಟ್ಯಾಬನ್ನು ಗಾಡಿಯಲ್ಲಿಟ್ಟು, ಆಫೀಸ್ ಶೂಗಳಲ್ಲೇ ಕಲ್ಲು ಹೊರತೊಡಗುತ್ತಾರೆ. ಆಡುಗಳು ಈ ಸಲ ಲೇಸ್ ಬಿಚ್ಚುವಲ್ಲಿ ಯಶಸ್ವಿಯಾಗುತ್ತವೆ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಎದೆಯೆತ್ತರದ ಗೋಡೆ ನಿಂತಿದೆ. ಒಂದೊಂದು ಕಲ್ಲಿನ ಮೇಲೂ ಬಿಳಿ ನಂಬರ್. ನಾನೂರ ಹನ್ನೆರಡರ ಮೇಲೆ ಸಾವಿರದ ಏಳು, ಅದರ ಪಕ್ಕ ಅರವತ್ತಮೂರು. ಬಲೆಯ ಬುಡದ ತಗಡು, ಮುಳ್ಳು ಎಲ್ಲ ಎದ್ದಿದೆ. ಮಮ್ಮದ್ ಮೂರನೇ ಸಾಲಿನ ಗಂಟುಗಳನ್ನು ಕೊಯ್ಯಲೆಂದು ಹೋಗುತ್ತಾರೆ, ಕೊಯ್ಯಲು ಒಂದೂ ಇಲ್ಲ. ಉಮ್ಮ್ ಖಲ್ಫಾನ್ ಆಗಲೇ ಬಿಚ್ಚಿ, ಹಗ್ಗ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ.

ಗುರುವಾರ ಮಧ್ಯಾಹ್ನ ಎರಡಕ್ಕೆ ಗುಡ್ಡದ ತಲೆ ಕಪ್ಪಾಗುತ್ತದೆ. ಮಳೆಯಲ್ಲಿ ಇಳಿಜಾರಿನ ಮೇಲೆ ಯಾರೂ ಇರಬಾರದೆಂಬುದು ನಿಯಮ. ಮಮ್ಮದ್ ಮತ್ತು ಅಶ್ರಫ್ ವಾದಿಯ ಈಚೆ ದಡದ ತಿರುವಿನಲ್ಲಿ ಪಿಕಪ್ ನಿಲ್ಲಿಸಿಕೊಂಡು, ಗಾಜು ಇಳಿಸಿ ಕೂತಿದ್ದಾರೆ. ನೋಡಲು ಏನೂ ಇಲ್ಲ, ಎದುರಿಗೆ ಬರೀ ನೀರಿನ ಪರದೆ. ಮಮ್ಮದ್ ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. ಚಿಲ್ಲರೆ ಕಲ್ಲುಗಳ ಟಕಟಕ. ಆಮೇಲೆ ಮೂರೂನಲವತ್ತಕ್ಕೆ, ಸಿಡಿಲಲ್ಲದ ಒಂದು ಸದ್ದು. ದಪ್ಪಗೆ, ಉದ್ದಕ್ಕೆ, ನೆಲದ ಮೂಲಕ ಬಂದ ಹಾಗೆ. ಅದರ ಹಿಂದೆಯೇ ಕಬ್ಬಿಣ ನರಳಿದ ದನಿ.

"ಬಳೆ" ಎನ್ನುತ್ತಾರೆ ಮಮ್ಮದ್. ಬಳೆ ಎಳೆದದ್ದು ಕೇಳಿಸಿತು, ನಿಂತದ್ದೋ ಹರಿದದ್ದೋ ಕೇಳಿಸಲಿಲ್ಲ. ಅರ್ಧ ಗಂಟೆಯಲ್ಲಿ ವಾದಿ ತುಂಬಿ ದಾರಿ ಕಡಿಯುತ್ತದೆ. ಹಳ್ಳಿಯ ಫೋನ್ ಟವರ್ ಸತ್ತಿದೆ. ಒಂಬತ್ತು ಮನೆಯವರು ಬೆಳಿಗ್ಗೆಯೇ ಆಚೆ ಪಕ್ಕದ ಮಸೀದಿ ಹಾಲಿಗೆ ಹೋಗಿದ್ದಾರೆಂಬುದು ಗೊತ್ತು. ಆಡು ಬಿಟ್ಟು ಬರುವುದಿಲ್ಲವೆಂದ ಒಬ್ಬರು ಸಿದ್ರ ಮರದಡಿಯ ಹೊಸ ದೊಡ್ಡಿಯಲ್ಲಿ ಟಾರ್ಪಲ್ ಹೊದ್ದು ಕೂತಿದ್ದಾರೆಂಬುದೂ ಗೊತ್ತು. ಆ ಜಾಗಕ್ಕೆ ಕಲ್ಲು ಬರುವುದಿಲ್ಲವೆಂದು ಮಮ್ಮದ್ ಬಲ್ಲರು. ಆದರೂ ಮತ್ತೆ ಮತ್ತೆ ಅದೇ ದಿಕ್ಕಿಗೆ ಕಿವಿಯೊಡ್ಡುತ್ತಾರೆ.

ಪ್ರತಿ ಗುರುವಾರ ಸಂಜೆ ಅವರು ಮಸ್ಕತ್ತಿನ ದಾರ್ಸೈಟ್‌ಗೆ ಹೋಗುವುದು ರೂಢಿ. ಮಗಳು ಮುಫೀದಾಳ ಫ್ಲ್ಯಾಟು ಅಲ್ಲಿದೆ, ಹೆಂಡತಿ ಶರೀಫಾ ಕೂಡ ಈಗ ಅಲ್ಲೇ. ಈ ವಾರ ಹೋಗಲಿಲ್ಲ, ರುಸ್ತಾಕಿನ ಕೋಣೆಯಲ್ಲೇ ಉಳಿದರು. ಶುಕ್ರವಾರ ಮಧ್ಯಾಹ್ನ ಶರೀಫಾರ ಫೋನು.

"ಕೋಳಿ ಸುಕ್ಕ ಮಾಡಿದ್ದೇನೆ, ಒರೊಟ್ಟಿಯೂ ಉಂಟು. ನೀವು ಅಲ್ಲಿ ಆ ಅಜ್ಜಿಯ ಆಡು ಎಣಿಸ್ತಾ ಕೂತಿರಿ."

"ಎಣಿಸ್ಲಿಕ್ಕೆ ಸಿಕ್ಕಿದ್ರೆ ಸಾಕು ಅಂತ ಕೂತಿದ್ದೇನೆ ಶರೀಫಾ" ಎನ್ನುತ್ತಾರೆ ಮಮ್ಮದ್.

ಶರೀಫಾ ಮೆಲ್ಲಗೆ, "ಸಿಗ್ತದೆ. ನಾನು ದುವಾ ಮಾಡ್ತೇನೆ. ಸುಕ್ಕ ಫ್ರಿಡ್ಜಲ್ಲಿ ಇಡ್ತೇನೆ" ಎನ್ನುತ್ತಾರೆ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ವಾದಿಯ ನೀರು ಮೊಣಕಾಲಿಗಿಳಿದಿದೆ. ಇಲ್ಲಿ ಶುಕ್ರ, ಶನಿ ರಜೆ, ಯಾರೂ ಕರೆದಿಲ್ಲ. ಮಮ್ಮದ್ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ, ಹಿಂದೆ ಚಹಾ ಫ್ಲಾಸ್ಕ್ ಹಿಡಿದ ಅಶ್ರಫ್. ತಿರುವು ಕಳೆದ ಕೂಡಲೇ ಮಮ್ಮದ್ ನಿಂತುಬಿಡುತ್ತಾರೆ.

ಮೂರನೇ ಸಾಲಿನ ಬಲೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಒಳಗೆ ಅಲ್ಮೇರಾದಷ್ಟು ದೊಡ್ಡ ಬಂಡೆ. ಮೂರು ಬಳೆಗಳು ಪೂರ್ತಿ ಕಿರಿದಾಗಿ ಮುಷ್ಟಿಯಷ್ಟಾಗಿವೆ. ಹಗ್ಗ ಒಂದೂ ಹರಿದಿಲ್ಲ. ಬಲೆಯ ಉಬ್ಬಿದ ಮೂಗು ಬಂದು ನಿಂತಿರುವ ಜಾಗದಲ್ಲಿ ಹಳೆಯ ದೊಡ್ಡಿಯ ಎರಡು ಗೂಟಗಳು ಉಳಿದುಹೋಗಿದ್ದವು. ಎರಡೂ ನೆಲಕ್ಕೆ ಒತ್ತಿಹೋಗಿವೆ. ಹಾಲಿನ ಬಕೆಟ್ ಅಲ್ಲೇ ತೂಗುತ್ತಿತ್ತು, ಬೆಳಗಿನ ಹೊತ್ತು ಉಮ್ಮ್ ಖಲ್ಫಾನ್ ಕೂರುತ್ತಿದ್ದುದೂ ಅಲ್ಲೇ. ಕೆಳಗಿನ ಒಂಬತ್ತು ಮನೆಗಳ ಮಾಳಿಗೆಯಲ್ಲಿ ಒಗೆದ ಬಟ್ಟೆ ಹರವಿದ್ದಾರೆ.

ಮಮ್ಮದ್ ಆಡು ಎಣಿಸುತ್ತಾರೆ. ಹದಿನೇಳು. ಇನ್ನೊಮ್ಮೆ ಎಣಿಸುತ್ತಾರೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ.

ಪೇಂಟು ಡಬ್ಬಿ ತೆಗೆದು ಬಂಡೆಗೆ ನಂಬರ್ ಬರೆಯುತ್ತಾರೆ: ೧೩೮೭. ಇಷ್ಟು ದೊಡ್ಡದು ಇದುವರೆಗೆ ಬಿದ್ದಿರಲಿಲ್ಲ ಎನ್ನುತ್ತಾರೆ. ಈಗ ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಯೋಚಿಸುತ್ತಾರೆ. "ಒಂದ್ಸಲ ಹಿಮ ನೋಡ್ಬೇಕು. ದಕ್ಕೆಯ ಐಸಿಗಿಂತ ಮೆತ್ತಗೆ ಉಂಟಂತೆ. ಅಲ್ಲಿಯೂ ನನ್ನ ಹಾಗೆ ಯಾರೋ ಒಬ್ಬ ಹಗ್ಗಕ್ಕೆ ಬಡೀತಾ ಇರ್ತಾನಲ್ಲ, ಅವನ ಜೊತೆ ಒಂದು ಚಾ ಕುಡೀಬೇಕು. ಮತ್ತೆ ಎಂತದೂ ಬೇಡ."

ಚಾ ಕುಡಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಹೊಸ ದೊಡ್ಡಿಯ ಗೋಡೆಯ ಪಕ್ಕ ಉಮ್ಮ್ ಖಲ್ಫಾನ್ ಚಾಪೆ ಹಾಸಿದ್ದಾರೆ. 'ಮಳೆನೀರು ಹೊಕ್ಕು ಒಲೆ ಆರಿದೆ, ಇವತ್ತು ಕಹ್ವಾ ಇಲ್ಲ' ಎಂದು ಮುಖ ಸಣ್ಣ ಮಾಡಿಕೊಂಡವರಿಗೆ ಮಮ್ಮದ್ ತಮ್ಮ ಫ್ಲಾಸ್ಕಿನಿಂದ ಹಾಲಿಲ್ಲದ ಸುಲೈಮಾನಿ ಚಹಾ ಸುರಿದುಕೊಡುತ್ತಾರೆ. ಹದಿನೇಳು ವರ್ಷದಲ್ಲಿ ಈ ಹಳ್ಳಿಯಲ್ಲಿ ಅವರು ಬಡಿಸುವವರಾದದ್ದು ಇದೇ ಮೊದಲು. ಉಮ್ಮ್ ಖಲ್ಫಾನರ ಮಡಿಲಲ್ಲಿ ನೆಗ್ಗಿದ ಬಕೆಟ್ ಇದೆ. ಬೆಳಿಗ್ಗೆಯಿಂದ ಬಂದವರಿಗೆಲ್ಲ ಅದನ್ನು ತೋರಿಸಿ, ಬಲೆಗೆ ಯಾಕೆ ಸಡಿಲ ಬೇಕೆಂದು ಪಾಠ ಮಾಡಿದ್ದಾರೆ.

"ಮೂರು ಬಳೆ ಬದಲಿಸಬೇಕು ಉಮ್ಮಾ, ನಾನು ಮೇಲೆ ಹೋಗಬೇಕು" ಎನ್ನುತ್ತಾರೆ ಮಮ್ಮದ್, ಸ್ಪ್ಯಾನರ್ ಎತ್ತಿಕೊಂಡು. ಆಕೆ ಕಪ್ ಅಲ್ಲಾಡಿಸಲಿ ಎಂದು ಕಾಯುತ್ತಾರೆ.

ಉಮ್ಮ್ ಖಲ್ಫಾನ್ ಕೊನೆಯ ಹನಿಯವರೆಗೆ ಕುಡಿಯುತ್ತಾರೆ, ಮೇಲೆ ಉಬ್ಬಿದ ಬಲೆಯನ್ನು ನೋಡುತ್ತಾರೆ, ಕೆಳಗೆ ಒತ್ತಿಹೋದ ಗೂಟಗಳನ್ನು ನೋಡುತ್ತಾರೆ. ಆಮೇಲೆ ಕಪ್ಪನ್ನು ಒಂದಿಷ್ಟೂ ಅಲ್ಲಾಡಿಸದೆ ಮಮ್ಮದರ ಮುಂದೆ ಚಾಚುತ್ತಾರೆ.

"ಆ ಹನ್ನೊಂದು ಗಂಟುಗಳ ಕಥೆ" ಎನ್ನುತ್ತಾರೆ. "ಇನ್ನೊಮ್ಮೆ ಹೇಳು."

ಮಮ್ಮದ್ ಸ್ಪ್ಯಾನರ್ ಕೆಳಗಿಟ್ಟು ಕೂತು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.